ಟಾಯ್ಲೆಟ್ಟಿಗೂ ಪಾಸು ಬೇಕಾದ ಹೈಸ್ಕೂಲು

ಕ್ಲಾಸಿನ ನಡುವೆ ಟಾಯ್ಲೆಟ್ಟಿಗೆ ಹೋಗಬೇಕಾದರೆ ಕೈಯಲ್ಲೊಂದು ಮರದ ತುಂಡು ಹಿಡಿದುಕೊಂಡು ಹೋಗಬೇಕು. ಅದೂ ಹದಿನೇಳು ವರ್ಷದ ಹುಡುಗಿ! ಎಲ್ಲಿ ಅಂತೀರಿ? ಅಮೆರಿಕದಲ್ಲಿ. ನಾನೂ ನಂಬಿರಲಿಲ್ಲ.

ಹೇಳಿದವಳು ಮಾರ್ಲೂಸ್. ಹಾಲೆಂಡಿನ ಎನ್ಸ್‌ಕೆಡೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ಅಮೆರಿಕದ ಯಾವುದೋ ಸಣ್ಣ ಊರಿನ ಸರಕಾರಿ ಹೈಸ್ಕೂಲಿನಲ್ಲಿ ಒಂದು ವರ್ಷ ಓದಿ ಮೊನ್ನೆಯಷ್ಟೇ ವಾಪಸು ಬಂದಿದ್ದಾಳೆ. ಅವಳನ್ನು ನೋಡಿ ನನ್ನ ಮಗಳು ಸಿಂಧುವೂ ಹಟ ಹಿಡಿದಿದ್ದಾಳೆ. ಮುಂದಿನ ವರ್ಷ ತಾನೂ ಹೋಗಬೇಕಂತೆ. (ದಿನಾ ಇ-ಮೇಲ್ ಬರೆಯುತ್ತಾಳಂತೆ. ಕಂಪ್ಯೂಟರಿಗೆ ಫೋನಿನ ತಂತಿ ಚುಚ್ಚಿ ಆ ಮೇಲ್ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ.)

ಹದಿನಾರರ ಹುಡುಗಿ, ಅದೂ ಅಮೆರಿಕ! ಡೇಟಿಂಗು, ಪಾರ್ಟಿ, ಕಾರು... ಟೀವಿಯಲ್ಲಿ ನೋಡುತ್ತೇವಲ್ಲ! ನನ್ನವರು ಮಾತ್ರ ಪೇಪರಿನಿಂದ ತಲೆಯೆತ್ತದೆ, "ಮೊದ್ಲು ಆ ಹುಡುಗೀನ ಕೇಳು, ಆಮೇಲೆ ಗಾಬರಿಯಾಗು" ಎಂದರು. ಸರಿ, ಭಾನುವಾರ ಅವಳನ್ನು ಕಾಫಿಗೆ ಕರೆದೆ. ಕೋಡುಬಳೆಯನ್ನೂ ಮುಂದಿಟ್ಟೆ. ಹೆದರಿಸುವಂಥದ್ದು ಏನಾದರೂ ಹೇಳಿಯಾಳು, ಮಗಳ ಹಟ ಇಳಿದೀತು ಎಂಬ ಆಸೆ.

"ಅಲ್ಲಿ ತುಂಬಾ ಫ್ರೀಡಮ್ಮಾ?" ಎಂದು ನನ್ನ ತಡವರಿಸುವ ಡಚ್ಚಿನಲ್ಲಿ ಕೇಳಿದೆ.

ಮಾರ್ಲೂಸ್ ಜೋರಾಗಿ ನಕ್ಕುಬಿಟ್ಟಳು. ಎಲ್ಲಿಯ ಫ್ರೀಡಂ? ಸೈಕಲ್ ಇಲ್ಲ. ಸ್ಕೂಲಿನ ಹಳದಿ ಬಸ್ಸು ಬಿಟ್ಟರೆ, ಅವಳಿದ್ದ ಮನೆಯ ಆಂಟಿಯ ಕಾರೇ ಗತಿ. ಊಟದ ಹೊತ್ತಿನಲ್ಲೂ ಹೊರಗೆ ಹೋಗುವಂತಿಲ್ಲ. ಕ್ಲಾಸಿನ ವೇಳೆ ಕಾರಿಡಾರಿನಲ್ಲಿ ಕಂಡರೆ ಪಾಸು ಕೇಳುತ್ತಾರೆ. ಆ ಪಾಸೇ ಮರದ ತುಂಡು. ಸಂಜೆ ಯಾರ ಮನೆಗೆ, ಯಾರ ಜೊತೆ, ಅವರಪ್ಪ ಏನು ಮಾಡುತ್ತಾರೆ, ಎಲ್ಲ ಆಂಟಿಗೆ ಹೇಳಬೇಕು. ಶುಕ್ರವಾರದ ಫುಟ್‌ಬಾಲ್ ಮ್ಯಾಚಿಗೆ ಊರಿಗೆ ಊರೇ ಬರುತ್ತದೆ. ಯಾವ ಹುಡುಗನ ಪಕ್ಕ ಕೂತಿದ್ದಳು ಎಂಬ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿರುತ್ತಿತ್ತಂತೆ!

ಪಾಪ, ಇಲ್ಲಿ ಮಳೆಗಾಳಿಯಲ್ಲಿ ಒಬ್ಬಳೇ ಸೈಕಲ್ ತುಳಿದು ಸ್ಕೂಲಿಗೆ ಹೋಗುತ್ತಿದ್ದವಳು. ಇಲ್ಲಿ ಮೇಷ್ಟ್ರು ಬರದಿದ್ದರೆ ಮಕ್ಕಳು ಪೇಟೆ ಸುತ್ತಿ ಬರುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಅಲ್ಲಿ ಮೊದಮೊದಲು ದಿನಾ ಅಳುತ್ತಿದ್ದಳಂತೆ. ವಾಪಸು ಬಂದುಬಿಡೋಣ ಎಂದೂ ಅನ್ನಿಸಿತ್ತಂತೆ.

ನನಗೆ ಒಳಗೊಳಗೇ ಖುಷಿ. ನಿಜ ಹೇಳುತ್ತೇನೆ, ನನ್ನ ಸಂಕಟ ಡೇಟಿಂಗೂ ಅಲ್ಲ, ಪಾರ್ಟಿಯೂ ಅಲ್ಲ. ಸಿಂಧುವಿನ ದನಿಯಿಲ್ಲದ ಮನೆಯಲ್ಲಿ ಒಂದು ವರ್ಷ ಹೇಗಿರುವುದು? ಸದ್ಯ, ಇನ್ನು ಇವಳು ಹೋಗುವ ಮಾತೆತ್ತುವುದಿಲ್ಲ ಅಂದುಕೊಂಡೆ.

ಮಾರ್ಲೂಸ್ ಅತ್ತ ಹೋದದ್ದೇ ತಡ, ಮಗಳ ಕಡೆ ತಿರುಗಿದೆ. "ಕೇಳಿಸ್ಕೊಂಡ್ಯಾ? ಅಂಥ ಕಡೆ ಒಂದ್ ವರ್ಷ ಇರಕ್ಕಾಗತ್ತಾ ನಿನ್ ಕೈಲಿ?"

"ಅಮ್ಮ, ಅವ್ಳಿಗೆ ಅದೆಲ್ಲ ಹೊಸದು, ಅದಕ್ಕೇ ಅತ್ಲು" ಎಂದಳು ಸಿಂಧು. "ನಂಗೆ ಹುಟ್ಟಿದಾಗಿಂದ ಪ್ರಾಕ್ಟೀಸ್ ಇದೆ."

ಇನ್ನು ಯಾವ ಬಾಯಲ್ಲಿ ಬೇಡ ಅನ್ನಲಿ, ಹೇಳಿ?