ಕಣ್ಣೂರಿನಲ್ಲಿ ಕಾಕಾನ ಮಣ್ಣು

...ಇಲ್ಲ, ಹಾಯಿ ಬಿಚ್ಚಿತ್ತು ಎಂದು ನನಗೆ ಅನ್ನಿಸುವುದು ಆಮೇಲೆ ನೋಡಿದ ಯಾವುದೋ ಚಿತ್ರದಿಂದ ಇರಬೇಕು. ಕರಾವಳಿಯವರು ಸರಕು ಸಾಗಿಸುವ ಆ ಮರದ ಮಂಜಿಗೆ ಎಂಜಿನ್ನೂ ಇತ್ತು. ಆದರೆ ಗಾಳಿಗೆ ಬಟ್ಟೆ ಪಟಪಟ ಬಡಿದ ಸದ್ದು ಕಿವಿಯಲ್ಲಿದೆ. ಅದು ಹಾಯಿಯದೋ ಅಪ್ಪನ ಧೋತರದ್ದೋ, ಖಾತ್ರಿಯಿಲ್ಲ.

ತೊಂಬತ್ತರ ದಶಕದ ಕೊನೆ ಅನ್ನೋಣ. ಅಪ್ಪನ ತಮ್ಮ, ನನ್ನ ಕಾಕಾ, ಬೈಲಹೊಂಗಲದ ನಮ್ಮ ಅರಳೆ ಅಂಗಡಿ ಬಿಟ್ಟು, ಮಂಗಳೂರಿನಿಂದ ಇಂಥದೇ ಮಂಜಿ ಹತ್ತಿ ಕಣ್ಣೂರಿಗೆ ಹೋಗಿ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಅಲ್ಲಿಂದ ಫೋನು ಬಂತು: ಜ್ವರದಲ್ಲಿ ಹೋದರು, ನಾವೇ ಎಲ್ಲ ಮುಗಿಸಿದ್ದೇವೆ. ಮಾತಾಡುತ್ತಿರುವವರು ಯಾರೆಂದು ಕೇಳುವಷ್ಟರಲ್ಲಿ ಕಟ್ಟಾಯಿತು.

ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ, ಕೂರಿಸಿ, ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಮಾಡುತ್ತಾರೆ. ನನ್ನ ಅಜ್ಜಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ಅಪ್ಪನ ಮುಂದೆ ಸೆರಗೊಡ್ಡಿದಳು.

"ಅಂವನ ಕುಣಿ ಮ್ಯಾಲಿಂದ ಒಂದ ಬೊಗಸಿ ಮಣ್ಣ ತಂದಕೊಡೋ ಯಪ್ಪಾ. ಹೊಲದಾಗ ಅವರಪ್ಪನ ಬಾಜೂಕ ಹಾಕತೇನಿ."

ಮಂಗಳೂರಿನಿಂದ ಬಸ್ಸು ಇತ್ತು. ತಮ್ಮ ಹೋದ ದಾರಿಯಲ್ಲೇ ಹೋಗುತ್ತೇನೆಂದು ಅಪ್ಪ ಹಟ ಹಿಡಿದ. ಸರಕು ಒಯ್ಯುತ್ತಿದ್ದ ಮಂಜಿಯೊಂದು ಕಣ್ಣೂರಿನಲ್ಲಿ ಒಂದು ಹಗಲು ನಿಂತು ಸಂಜೆ ಮಂಗಳೂರಿಗೆ ಮರಳುವುದಿತ್ತು. ಅಪ್ಪನಿಗೂ ಜೊತೆಗೆ ಹೊರಟ ನನಗೂ ಅದರಲ್ಲಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಅಪ್ಪ ಅಂಚಿಗೆ ಬಾಗಿ ವಾಂತಿ ಮಾಡಿದ.

"ಏನು ಧಣಿ, ನಿಮ್ಮೂರಲ್ಲಿ ನೀರೇ ಕಂಡಿಲ್ಲವೋ?" ಎಂದ ಮಂಜಿ ನಡೆಸುವವ.

"ನವಿಲುತೀರ್ಥ ಡ್ಯಾಮಿನ್ಯಾಗ ಬೇಕಾದಷ್ಟೈತ್ರಿ. ಆದ್ರ ಅದು ಹಿಂಗ ಮಂದೀನ ಕುಣಸೂದಿಲ್ಲ, ಸುಮ್ಮನ ನಿಂದರತೈತಿ!"

ಕಣ್ಣೂರಿನಲ್ಲಿ ಮೊದಲು ನೂಲಿನ ಅಂಗಡಿ ಹುಡುಕಿದೆವು. ಆ ಜಾಗದಲ್ಲಿ ಸ್ಟೀಲ್ ಪಾತ್ರೆ ಮಾರುತ್ತಿದ್ದರು. ಹಿಂದಿನವರು ಎಲ್ಲಿಗೆ ಹೋದರೋ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಗೋರಿಗಳನ್ನು ಹುಡುಕತೊಡಗಿದೆವು. ಕೋಟೆಯ ಹತ್ತಿರ ಇಂಗ್ಲಿಷರವು. ಅಲ್ಲಿ ಮಳೆ ಬೀಳುತ್ತಿತ್ತು ಎಂದು ಮೊದಲೊಮ್ಮೆ ಬರೆದು ಹೊಡೆದು ಹಾಕಿದ್ದೇನೆ: ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ. ಅಪ್ಪ ಒಂದು ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದು, "ಹೊರಗಿನವರಿಗೇ ಇಷ್ಟ ಛಂದ ಮಾಡ್ಯಾರ. ನಮ್ಮಾಂವಂದೂ ಎಲ್ಯರ ಇದ್ದ ಇರತೈತಿ" ಎಂದ. ಮಸೀದಿಯ ಪಕ್ಕದ ಕೆಂಪುಕಲ್ಲಿನ ಗೋರಿಗಳ ನಡುವೆಯೂ ಹೋದೆವು. ಅಲ್ಲಿನ ಹಿರಿಯರೊಬ್ಬರು ಕಾಕಾನ ಹೆಸರು ಕೇಳಿ, ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು.

ಮಧ್ಯಾಹ್ನ ಚಹಾ ಕುಡಿಯುವಾಗ ನಮ್ಮ ಕನ್ನಡ ಕೇಳಿ ಪಕ್ಕದ ಮುದುಕರು ತಿರುಗಿದರು. ಕಾಸರಗೋಡಿನವರು. ಅಪ್ಪ ಎಲ್ಲ ಹೇಳಿದ. ಅವರು ಗ್ಲಾಸು ಕೆಳಗಿಟ್ಟರು.

"ಹಿಂದೂಗಳಲ್ಲವೋ ನೀವು? ಗೋರಿ ಯಾಕೆ ಹುಡುಕುತ್ತೀರಿ ಮಾರಾಯ್ರೆ? ಸುಟ್ಟಿರ್ತಾರೆ."

"ನಮ್ಮಲ್ಲಿ ಸುಡೂದಿಲ್ರಿ."

"ಅದು ಇಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ಶಾಸ್ತ್ರಪ್ರಕಾರವೇ ಮಾಡಿರ್ತಾರೆ. ಬೂದಿ ಸಮುದ್ರಕ್ಕೆ ಬಿಟ್ಟಿರ್ತಾರೆ."

ನಮ್ಮಿಬ್ಬರಿಗೂ ಇದು ಹೊಳೆದೇ ಇರಲಿಲ್ಲ. ಮುಗಿಸಿದ್ದೇವೆ ಎಂದರೆ ಮಣ್ಣು ಮಾಡಿದ್ದಾರೆ ಎಂದೇ ಮನೆಮಂದಿಯೆಲ್ಲ ತಿಳಿದಿದ್ದೆವು. ಅಪ್ಪ ಚಹಾದ ದುಡ್ಡು ಕೊಟ್ಟು ಎದ್ದ. ಇಲ್ಲೇ ಉಳಿದು ವಿಚಾರಿಸೋಣವೇ ಎಂದೆ. "ಉಳದ ಯಾರನ್ನ ಕೇಳೂದು?" ಎಂದ.

ಸಂಜೆ ಮಂಜಿ ಹೊರಟಾಗ ಅಪ್ಪನಿಗೆ ಮತ್ತೆ ವಾಂತಿ ಬಂತು. ಈ ಸಲ ನೀರಿನ ಕಡೆ ಬಾಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನೇ ಬಾಯಿಗೆ ಒತ್ತಿಕೊಂಡ. ನಡೆಸುವವ ನಗಲು ಹೋಗಿ, ಅವನ ಮುಖ ನೋಡಿ ಕುಡಿಯುವ ನೀರಿನ ಚೆಂಬು ಚಾಚಿದ.

ಊರಿಗೆ ಬಂದ ಮೇಲೆ ಅಪ್ಪ, ಆಯಿ ಇಬ್ಬರೇ ಹೊಲಕ್ಕೆ ಹೋಗಿಬಂದರು. ಆಯಿ ಅತ್ತಿದ್ದಳು, ಆದರೆ ಸಮಾಧಾನವಾದವಳಂತೆಯೂ ಕಂಡಳು. ಅಪ್ಪ ಅವಳಿಗೆ ನಿಜ ಹೇಳಿದನೋ, ಎಲ್ಲಿಯದೋ ಮಣ್ಣು ಕೊಟ್ಟನೋ, ನಾನು ಕೇಳಲಿಲ್ಲ. ಈಗ ಇಬ್ಬರೂ ಇಲ್ಲ. ಕಾಕಾನನ್ನು ಸುಟ್ಟರೋ ಹುಗಿದರೋ, ಅದೂ ನನಗೆ ಗೊತ್ತಿಲ್ಲ.