ದುರ್ಗಣ್ಣನ ಎಡಗೈಯಿಲ್ಲದ ಸೈನ್ಯ

ನಾನು ಶಾಲೆ ಬಿಟ್ಟದ್ದು ೧೯೯೭ರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಿದ್ದಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ಉಣ್ಣುವ ಬಾಯಿ ಐದು, ನಾನೇ ಪಾಟಿಚೀಲ ಗೂಟಕ್ಕೆ ಸಿಕ್ಕಿಸಿ ಭಟ್ಕಳ ಬಂದರಿನ ಫೈಬರ್ ದೋಣಿ ಶೆಡ್ಡಿಗೆ ನಡೆದೆ. ಅವತ್ತಿನಿಂದ ಇವತ್ತಿನವರೆಗೆ ಯಾರ ಎದುರೂ ಕೈ ಒಡ್ಡಿದವನಲ್ಲ. ಇದನ್ನು ನಾಲ್ಕು ಜನರ ಎದುರು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಆದರೆ ಅರ್ಧಕ್ಕೆ ಬಿಟ್ಟವನಿಗೆ ಒಂದು ರೋಗ ಉಳಿದುಬಿಡುತ್ತದೆ. ದಪ್ಪ ಪುಸ್ತಕ ಕಂಡರೆ, ಅದನ್ನು ಹಿಡಿದವನನ್ನು ಕಂಡರೆ, ಕೂತಲ್ಲಿಂದ ಎದ್ದು ನಿಲ್ಲುವ ಹಾಗಾಗುತ್ತದೆ. ದುರ್ಗಣ್ಣನನ್ನು ನಾನು ಕಳಕೊಂಡದ್ದು ಆ ರೋಗದಿಂದ.

ದುರ್ಗಣ್ಣನ ಹತ್ತಿರ ಇನ್ನೂರರ ಸುಮಾರು ಸೈನಿಕರಿದ್ದರು. ಒಬ್ಬನಿಗೂ ಎಡಗೈ ಇರಲಿಲ್ಲ. ಹೆಬ್ಬೆರಳಿನಷ್ಟು ಎತ್ತರ, ಬಲಗೈಯಲ್ಲಿ ಬಂದೂಕು, ಎಡಭುಜದ ಕೆಳಗೆ ಏನೂ ಇಲ್ಲ. ಅರ್ಧ ಜನಕ್ಕೆ ದೋಣಿಗೆ ಬಳಿದು ಉಳಿದ ನೀಲಿ ಬಣ್ಣ, ಇನ್ನರ್ಧ ಜನಕ್ಕೆ ಕಬ್ಬಿಣದ ಗೇಟಿಗೆ ಹಚ್ಚುವ ಕೆಂಪು. ಮುಖ ಎಲ್ಲರದೂ ಒಂದೇ, ಯಾಕೆಂದರೆ ಎಲ್ಲರೂ ಒಬ್ಬನೇ. ಹದಿನೆಂಟು ವರ್ಷ ಮಸ್ಕತ್ತಿನಲ್ಲಿದ್ದು ಬಂದ ದುರ್ಗಣ್ಣ ಅಲ್ಲಿಂದ ತಂದದ್ದು ಅಂತಹ ಒಂದೇ ಒಂದು ಗೊಂಬೆ, ಅದರ ಎಡಗೈ ಮುರಿದಿತ್ತು. ಕಿಟಕಿ ಗಾಜಿಗೆ ಹಚ್ಚುವ ಸಿಲಿಕೋನಿನಲ್ಲಿ ಅದರ ಅಚ್ಚು ತೆಗೆದು, ಶೆಡ್ಡಿನಲ್ಲಿ ಡಬ್ಬಿಯ ತಳಕ್ಕೆ ಉಳಿಯುವ ರೆಸಿನ್ ಅಂಟು ಹೊಯ್ದು, ವಾರಕ್ಕೆ ನಾಲ್ಕೈದರಂತೆ ಎರಕ ತೆಗೆದುಕೊಟ್ಟವ ನಾನು. ಮೊದಲ ಹತ್ತು ಗೊಂಬೆ ಆದಾಗ ನನಗೇ ಸಮಾಧಾನವಾಗಲಿಲ್ಲ.

"ಪುಟ್ಟಿ ಹಚ್ಚಿ ಒಂದೊಂದು ಕೈ ಮಾಡಿಕೊಡ್ತೆ, ದುರ್ಗಣ್ಣ. ನೋಡೂಕೆ ಚೆಂದ ಇಲ್ಲ."

"ಬ್ಯಾಡ ಮಾರಾಯ. ಒಬ್ಬಂಗೆ ಇಲ್ಲದಿದ್ರೆ ಅದು ಕುಂದು. ಯಾರಿಗೂ ಇಲ್ಲದಿದ್ರೆ ಅವ್ರ ಜಾತಿನೇ ಹಾಂಗೆ," ಅಂದ.

ಅವನ ಮನೆ ಭಟ್ಕಳದ ಮಗ್ಗುಲಿನ ನಮ್ಮ ಹೆಬಳೆಯಲ್ಲಿ, ನಮ್ಮ ಮನೆಯಿಂದ ನಾಲ್ಕು ಹಿತ್ತಿಲು ದಾಟಿದರೆ ಸಿಗುತ್ತಿತ್ತು. ಮದುವೆಯಾಗಿರಲಿಲ್ಲ. ಗಂಡನನ್ನು ಕಳಕೊಂಡ ಅಕ್ಕ ಮಾದೇವಿಯ ಜೊತೆ ಇದ್ದ. ಮಸ್ಕತ್ತಿನಲ್ಲಿ ಅವನಿಗೆ ದೊಡ್ಡ ಆಟಿಕೆ ಅಂಗಡಿಯ ಮೆನೇಜರಿಕೆ ಇತ್ತೆಂದು ಮಾದೇವಕ್ಕ ಬಾವಿಕಟ್ಟೆಯಲ್ಲಿ, ರೇಷನ್ ಸಾಲಿನಲ್ಲಿ, ಕಂಡಕಂಡವರಿಗೆ ಹೇಳುತ್ತಿದ್ದಳು. ಆ ಅಂಗಡಿಗೆ ಶುಕ್ರವಾರ ಶುಕ್ರವಾರ ಬಿಳಿಯರು ಬಂದು ದೊಡ್ಡ ಮೇಜಿನ ಮೇಲೆ ಗೊಂಬೆಗಳ ಯುದ್ಧ ಆಡುತ್ತಿದ್ದರಂತೆ. ಆ ಆಟವನ್ನೇ ದುರ್ಗಣ್ಣ ಹೆಬಳೆಗೆ ತಂದ. ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ಅವನ ಮನೆಯ ಊಟದ ಮೇಜಿನ ಮೇಲೆ ಆಟ. ಕೂತು ಆಡುವವರು ಮೂವರು: ದುರ್ಗಣ್ಣ, ನಾನು, ಪೇಟೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುವ ರಜಾಕ್.

ಇಂಥ ಆಟದ ಸಾಮಾನು ಕೊಳ್ಳುವ ತಾಕತ್ತು ನಮಗೆ ಯಾರಿಗೂ ಇರಲಿಲ್ಲ. ಬೇಕೆಂದೂ ಅನಿಸಲಿಲ್ಲ. ಬಂದರಿನಲ್ಲಿ ಒಡೆದು ಬಿಸಾಡಿದ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಕೊಯ್ದರೆ ಗುಡ್ಡ. ಗಾಳಿಮರದ ಕಾಯಿ ನಿಲ್ಲಿಸಿದರೆ ಪೊದೆ. ಮದುವೆ ಕಾಗದ ಮಡಚಿದರೆ ಮನೆ. ರಜಾಕನ ತಂಗಿಯ ಮದುವೆಯ ಕಾಗದದಲ್ಲಿ ನಾವು ಒಂದು ಇಡೀ ಊರು ಕಟ್ಟಿದ್ದೆವು. ಬಲೆಯ ನೂಲಿಗೆ ಅಂಗುಲಕ್ಕೊಂದು ಗಂಟು ಹಾಕಿದ್ದೇ ಅಳತೆಪಟ್ಟಿ. ಸೈನಿಕ ಒಂದು ಸಲಕ್ಕೆ ಆರು ಗಂಟು ನಡೆಯಬಹುದು, ಹನ್ನೆರಡು ಗಂಟಿನೊಳಗೆ ಇದ್ದವನಿಗೆ ಗುಂಡು ಹೊಡೆಯಬಹುದು. ತಾಗಿತೋ ಇಲ್ಲವೋ ಎಂಬುದಕ್ಕೆ ಲೂಡೋ ದಾಳ. ಐದೋ ಆರೋ ಬಿದ್ದರೆ ಎದುರಿನವ ಸತ್ತ. ಥರ್ಮಾಕೋಲಿನ ಮೀನು ವಾಸನೆ ಎಷ್ಟು ತೊಳೆದರೂ ಹೋಗದೆ, ಮಾದೇವಕ್ಕನ ಬೆಕ್ಕು ಎಷ್ಟೋ ಯುದ್ಧಗಳನ್ನು ಒಂದೇ ನೆಗೆತಕ್ಕೆ ಮುಗಿಸಿದ್ದುಂಟು.

ಸತ್ತವರ ವಿಷಯಕ್ಕೆ ದುರ್ಗಣ್ಣನದು ಒಂದು ಕಟ್ಟುನಿಟ್ಟು ಇತ್ತು. ಸತ್ತ ಸೈನಿಕನನ್ನು ಎತ್ತುವ ಹಾಗಿಲ್ಲ. ಬಿದ್ದಲ್ಲೇ ಅಡ್ಡ ಮಲಗಿಸಬೇಕು, ಆಟ ಮುಗಿಯುವವರೆಗೆ ಅಲ್ಲೇ ಇರಬೇಕು, ಉಳಿದವರು ಅವನನ್ನು ಸುತ್ತಿಕೊಂಡು ಹೋಗಬೇಕು. ಆಟ ಬೆಳೆದ ಹಾಗೆ ದಾರಿ ಕಟ್ಟುತ್ತಿತ್ತು. ಗೆಲ್ಲುವವನ ನೆತ್ತಿಯ ಮೇಲೂ ಬೆವರು. ಕಡೆಗೆ ಬದುಕಿದ ಮೂರು ಮತ್ತೊಂದು ಜನ ಹೆಣಗಳ ನಡುವೆ ಜಾಗ ಹುಡುಕುತ್ತಿದ್ದರು. ಗೆದ್ದೆ ಎಂದು ಕೂಗಲು ನಾಲಗೆ ಏಳುತ್ತಿರಲಿಲ್ಲ. ದುರ್ಗಣ್ಣ ಒಬ್ಬೊಬ್ಬನನ್ನೇ ಎರಡು ಬೆರಳಲ್ಲಿ ಹಿಡಿದು ಮಲಗಿಸುವ ರೀತಿ ನೋಡಬೇಕಿತ್ತು, ಮಲಗಿದ ಕೂಸಿನ ತಲೆ ಸರಿಮಾಡಿದ ಹಾಗೆ.

"ಅರೆ ದುರ್ಗಣ್ಣ, ನಮ್ದು ಇವ್ನು ಸತ್ತಿಲ್ಲ, ಬೇಹೋಶ್ ಅಷ್ಟೆ. ನೀರು ಚಿಮುಕ್ಸಿ ನೋಡಿ," ಎಂದು ರಜಾಕ್ ಪ್ರತಿ ಸಲ ಕಾಡುತ್ತಿದ್ದ.

"ದಾಳ ಹೇಳಿದ ಮೇಲೆ ಮುಗೀತು. ಮಲಗ್ಸು."

"ಮಲಗ್ಸಿದೆ. ನಾಳೆ ಗಂಜಿ ಕೊಡಿ ಪಾಪ."

ಒಳಗಿನಿಂದ ಮಾದೇವಕ್ಕ, "ಉಣ್ಣೂ ಮೇಜಿನ ಮೇಲೆ ಹೆಣ ಸಾಲಾಗಿ ಮಲಗ್ಸಿದ್ಯಲಾ, ರಾತ್ರಿ ನಿಂಗೆ ಅನ್ನ ಹೆಂಗೆ ಸೇರ್ತದಾ?" ಎಂದು ಕೂಗುತ್ತಿದ್ದಳು. ಕೂಗುತ್ತಲೇ ಮೂವರಿಗೆ ಚಾ ತಂದಿಡುತ್ತಿದ್ದಳು.

ವಾರದ ಉಳಿದ ದಿನ ದುರ್ಗಣ್ಣನನ್ನು ಊರಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹೆಂಡತಿ ಮಕ್ಕಳಿಲ್ಲದವ, ಗಲ್ಫಿನಿಂದ ಬಂದೂ ಮನೆಗೆ ಹೆಂಚು ಬದಲಾಯಿಸದವ. ಭಾನುವಾರ ಮಾತ್ರ ಆ ಮೇಜಿನ ತಲೆಗೆ ಕೂತು, "ಅದು ಹಾಂಗಲ್ಲ, ಹೀಂಗೆ" ಎನ್ನುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿ ಬೈಯದೆ ಏನಾದರೂ ಕಲಿಸಿದವ ಅವನೊಬ್ಬನೇ.

ಒಂದು ದಿನ ಶೆಡ್ಡಿಗೆ ಬಂದಿದ್ದ. ನಾನು ಅಚ್ಚಿಗೆ ರೆಸಿನ್ ಹೊಯ್ಯುತ್ತಿದ್ದೆ, ಬೇರೆ ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ, "ಗಣಪಾ, ನಾ ಅಲ್ಲಿ ಮೆನೇಜರ ಅಲ್ಲ," ಅಂದ. "ಗುಡ್ಸೂ ಕೆಲಸ. ನೆಲ ಒರ್ಸೂದು, ಕಸ ಹೊರಗೆ ಹಾಕೂದು. ಈ ಗೊಂಬೆ ಮೇಜಿನ ಅಡಿಗೆ ಕಸದಲ್ಲಿ ಸಿಕ್ಕಿದ್ದು. ಅಕ್ಕಂಗೆ ಹೇಳೂಕೆ ಆಗ್ಲಿಲ್ಲ. ಮೊದ್ಲು ಕಾಗದ ಬರೆವಾಗ ಒಂದು ಸುಳ್ಳು ಬರ್ದೆ, ಆಮೇಲೆ ಅದ್ರ ಹಿಂದೇ ಹೋಗ್ಬೇಕಾತು."

"ಹಂಗಾರೆ ಆಟ ಹೆಂಗೆ ಕಲ್ತೆ?"

"ಗುಡಿಸ್ತಾ ನೋಡಿದ್ದು. ಅವ್ರು ಆಡೂವಾಗ ಹತ್ರ ನಿಲ್ಲೂ ಹಾಂಗೆ ಇರ್ಲಿಲ್ಲ. ಎದ್ದು ಹೋದ ಮೇಲೆ ಮೇಜು ಒರ್ಸೂಕೆ ಹೋಗ್ತಿದ್ದೆ. ಎಷ್ಟೋ ಜನ ಬಿದ್ದಲ್ಲೇ ಬಿದ್ದಿರ್ತಿದ್ರು. ನಂಗೆ ಕಂಡದ್ದು ಅದೇ."

ಯಾರಿಗೂ ಹೇಳಬೇಡ ಎಂದು ಅವನು ಹೇಳಲಿಲ್ಲ. ನನಗೆ ಹೇಳುವಾಗ ಅದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿರಬೇಕು.

ಅದಾಗಿ ಕೆಲವು ವರ್ಷದ ಮೇಲೆ ಹೆಗಡೆ ಮಾಸ್ತರು ಬಂದರು. ಗೇರುಸೊಪ್ಪ ಕಡೆಯವರು, ಕುಮಟಾದ ಕಾಲೇಜಿನಲ್ಲಿ ಕಲಿಸುವವರು. ಸೀಳಿದ ಫೈಬರ್ ಟ್ಯಾಂಕು ರಿಪೇರಿಗೆ ತಂದವರ ಕಣ್ಣು ನನ್ನ ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಸೈನಿಕರ ಮೇಲೆ ಬಿತ್ತು. ಕೂಡಲೆ ಮನೆಗೆ ಫೋನು ಮಾಡಿ, ತಮ್ಮ ಹವ್ಯಕ ಮಾತಿನಲ್ಲಿ, "ಬಪ್ಪುಲೆ ತಡ ಆಗ್ತು, ಇಲ್ಲೊಂದು ಮಜಾ ಇದ್ದು, ಬಂದ್ಮೇಲೆ ಹೇಳ್ತೆ," ಅಂದರು. ಆ ಆಟದ ಹುಚ್ಚು ಅವರಿಗೂ ಇತ್ತು. ಜೊತೆಗೆ ಆಡುವವರಿಲ್ಲದೆ ಆಟದ ಪೆಟ್ಟಿಗೆ ಕಪಾಟಿನಲ್ಲೇ ಉಳಿದಿತ್ತಂತೆ. ಮುಂದಿನ ಭಾನುವಾರ ಬನ್ನಿ ಎಂದು ಕರೆದವ ನಾನೇ.

ಬಂದರು. ಎರಡೂ ಕೈಯಿರುವ, ಹುಬ್ಬಿಗೂ ಬಣ್ಣ ಹಚ್ಚಿದ ಸೈನಿಕರನ್ನು ತಂದರು. ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವನ್ನೂ ತಂದರು. ದುರ್ಗಣ್ಣ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದ. ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಗಂಟಿನ ನೂಲು, ಮೀನಿನ ಗುಡ್ಡ, ಎಲ್ಲವನ್ನೂ ತೋರಿಸಿದ. ಮಾಸ್ತರು ನಿಜವಾಗಿ ಖುಷಿಪಟ್ಟರು. ಆಟ ಶುರುವಾಯಿತು. ಮೂರನೇ ಸುತ್ತಿಗೆ ರಜಾಕನ ಒಬ್ಬ ಸತ್ತ, ದುರ್ಗಣ್ಣ ಅವನನ್ನು ಮಲಗಿಸಿದ.

"ಅದನ್ನ ತೆಗೆದುಬಿಡಬೇಕಲ್ಲ, ದುರ್ಗಪ್ಪನವರೇ," ಎಂದರು ಮಾಸ್ತರು, ಮೆತ್ತಗೆ. "ಇಲ್ಲದಿದ್ದರೆ ದಾರಿ ಕಟ್ಟಿಹೋಗ್ತದೆ."

"ಕಟ್ಟಬೇಕು ಮಾಸ್ತರೇ. ಅಲ್ಲೇ ಆಟ ಇರೂದು."

"ಹಾಗೆ ಇದೆಯಾ? ನಾನು ಓದಿದ ಹಾಗೆ..." ಎಂದು ಅವರು ಪುಸ್ತಕ ತೆರೆದು ಹಾಳೆ ತಿರುವತೊಡಗಿದರು.

ದುರ್ಗಣ್ಣ ನಕ್ಕು ನನ್ನ ಕಡೆ ನೋಡಿದ. "ನೀ ಹೇಳಾ ಗಣಪಾ. ಇಷ್ಟು ವರ್ಷ ಆಡಿದವ. ಯಾವ್ದು ಸರಿ?"

ಮಾಸ್ತರೂ ತಲೆಯೆತ್ತಿ ನನ್ನನ್ನೇ ನೋಡಿದರು. ಕಾಲೇಜಿನಲ್ಲಿ ಕಲಿಸುವವರೊಬ್ಬರು ನನ್ನ ಮಾತಿಗಾಗಿ ಕಾದದ್ದು ಜೀವಮಾನದಲ್ಲಿ ಅದೇ ಮೊದಲು. ಆ ಇಂಗ್ಲಿಷ್ ಹಾಳೆಯ ಒಂದು ಸಾಲೂ ನನಗೆ ಅರ್ಥವಾಗುತ್ತಿರಲಿಲ್ಲ. ಆದರೂ ಓದಿದವರ ಪೈಕಿ ನಿಲ್ಲಬೇಕೆನಿಸಿತು.

"ಪುಸ್ತಕದಲ್ಲಿ ಇದ್ದದ್ದೇ ಸರಿ ಇರ್ಬೇಕು, ದುರ್ಗಣ್ಣ," ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನೀ ಎಂತ ಅಲ್ಲಿ ಆಡಿದ್ಯಾ? ಕಸ ಗುಡಿಸ್ತಾ ನೋಡಿದವ ಅಲ್ವಾ?"

ಮಾದೇವಕ್ಕ ಚಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರಜಾಕ್ ಕೈಯಲ್ಲಿದ್ದ ದಾಳವನ್ನು ಸದ್ದಾಗದ ಹಾಗೆ ಕೆಳಗಿಟ್ಟ. ದುರ್ಗಣ್ಣ ಅಕ್ಕನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮಲಗಿಸಿದವನನ್ನು ಎತ್ತಿಕೊಂಡು, "ಇವ್ನ ಎಲ್ಲಿ ಇಡೂದು ಮಾಸ್ತರೇ?" ಎಂದು ಕೇಳಿದ.

"ಬದಿಗೆ... ಎಲ್ಲಾದರೂ ಆದೀತು."

ಆಟವನ್ನು ಅವನು ಪೂರ್ತಿ ಆಡಿದ. ಸತ್ತವರನ್ನೆಲ್ಲ ಎತ್ತೆತ್ತಿ ಬದಿಗಿಟ್ಟ. ಮೇಜು ಖಾಲಿಯಾಗುತ್ತ ಹೋಯಿತು, ಆಟ ಬೇಗ ಮುಗಿಯಿತು. ಗೆದ್ದವ ನಾನು.

ಮುಂದಿನ ಭಾನುವಾರ ಹೋದರೆ ಮೇಜಿನ ಮೇಲೆ ಬಟ್ಟಲು, ಚೊಂಬು, ಹಪ್ಪಳದ ಡಬ್ಬಿ. "ಬಾ, ಚಾ ಕುಡಿ," ಅಂದ. ಆಟದ ಮಾತೆತ್ತಿದರೆ, "ಕಣ್ಣು ಸಮ ಕಾಣೂದಿಲ್ಲ ಈಗ," ಅಂದ. ಜಗಳ ಆಡಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಆಮೇಲೆ ಸರಿಹೋಗುತ್ತಿದ್ದೆವು. ತಪ್ಪಾಯಿತು ಎನ್ನುವುದು ಮೂರು ಸಲ ನಾಲಗೆ ತುದಿಗೆ ಬಂತು. ಹದಿನಾಲ್ಕನೇ ವಯಸ್ಸಿನಿಂದ ಯಾರಿಗೂ ತಲೆ ತಗ್ಗಿಸದವ ನಾನು, ಇಷ್ಟು ಸಣ್ಣ ಮಾತಿಗೆ ಎಂತ ಕ್ಷಮೆ ಎಂದುಕೊಂಡು ಚಾ ಕುಡಿದು ಬಂದೆ. ಆಮೇಲೆ ಚಾಕ್ಕೆ ಹೋಗುವುದೂ ನಿಂತಿತು. ರಜಾಕನ ಮನೆಯಲ್ಲಿ ನಾವಿಬ್ಬರೇ, ಹೊಸದಾಗಿ ಹೊಯ್ದ ಗೊಂಬೆ ಇಟ್ಟುಕೊಂಡು, ಪುಸ್ತಕದ ಪ್ರಕಾರ ಮೂರು ಭಾನುವಾರ ಆಡಿದೆವು. ನಾಲ್ಕನೆಯದಕ್ಕೆ ರಜಾಕನೇ, "ಮಜಾ ಇಲ್ಲ ಭಾಯ್. ಸತ್ತೋರು ಎಲ್ಲಿ ಹೋದ್ರು ಅಂತಾನೇ ಗೊತ್ತಾಗಲ್ಲ," ಎಂದು ಬಿಟ್ಟ.

ಮರುವರ್ಷ ಮಾಸ್ತರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮೊದಲು ಶೆಡ್ಡಿಗೆ ಬಂದು ದುರ್ಗಪ್ಪನವರು ಹೇಗಿದ್ದಾರೆ ಎಂದು ಕೇಳಿದರು. ಆಟ ನಿಂತಿತು ಎಂದೆ. ಅವರ ಮುಖ ಸಣ್ಣದಾಯಿತು. "ಆ ಪುಸ್ತಕದ ಮೊದಲನೇ ಹಾಳೆಯಲ್ಲೇ ಇದೆ, ಗಣಪತಿ. ಇಲ್ಲಿರುವ ಯಾವ ನಿಯಮ ನಿಮಗೆ ಹಿಡಿಸದಿದ್ದರೂ ಬದಲಿಸಿಕೊಳ್ಳಿ, ನಿಮ್ಮ ಮೇಜಿನಲ್ಲಿ ನಿಮ್ಮ ಆಟ, ಅಂತ."

"ಅವತ್ತು ಎಂತಕ್ಕೆ ಹೇಳ್ಲಿಲ್ಲ ಮಾಸ್ತರೇ?"

"ಆ ಹಾಳೆ ಹುಡುಕ್ತಾ ಇದ್ದೆ. ಅಷ್ಟರಲ್ಲಿ ನೀವು ಹೇಳಿಬಿಟ್ರಿ."

ಅದೇ ಸಂಜೆ ದುರ್ಗಣ್ಣನ ಮನೆಗೆ ಹೋದೆ. ಜಗಲಿಯ ಬೆಂಚಿನ ಮೇಲೆ ಕೂತಿದ್ದ, ತುಂಬ ಇಳಿದುಹೋಗಿದ್ದ, ಕಾಲು ಬಾತಿತ್ತು. ಕೂರುವ ಮೊದಲೇ ಹೇಳಿದೆ: "ದುರ್ಗಣ್ಣ, ಪುಸ್ತಕದ ಪ್ರಕಾರವೂ ನಿನ್ನ ಆಟ ತಪ್ಪಲ್ಲ. ಮಾಸ್ತರೇ ಹೇಳಿದ್ರು."

"ಪುಸ್ತಕದ ಮೇಲೆ ನಂಗೆ ಎಂತ ಸಿಟ್ಟಾ?" ಅಂದ. ಅಂಗಳದ ಕಡೆ ಗಲ್ಲ ಎತ್ತಿ ತೋರಿಸಿದ. "ಬೆಳಿಗ್ಗೆ ಅಂಗಳ ಗುಡ್ಸೂದು ಯಾವಾಗ್ಲೂ ನಾನೇ. ಅವತ್ತಿಂದ ಅಕ್ಕ ಗುಡ್ಸೂ ಹಿಡಿ ಮುಟ್ಟೂಕೆ ಬಿಡೂದಿಲ್ಲ. ಅವ್ಳಿಗೆ ಮಂಡಿ ನೋವು. ಕುಂತು ಕುಂತು ಗುಡಿಸ್ತಾಳೆ. ನಾ ಇಲ್ಲಿ ಕೂತು ನೋಡೂದು."

ನಾನು ಅಂದುಕೊಂಡು ಹೋಗಿದ್ದ ಮಾತು ಆಗಲೂ ಬಾಯಿಗೆ ಬರಲಿಲ್ಲ. ಕತ್ತಲಾಗುವ ಮೊದಲು ಎದ್ದೆ. "ಆತು, ಬಾ ಹಂಗಾರೆ," ಅಂದ.

ಹೋದ ವರ್ಷ ದೀಪಾವಳಿ ಕಳೆದ ವಾರ ದುರ್ಗಣ್ಣ ತೀರಿಕೊಂಡ. ಒಂದು ದೊಡ್ಡ ದೋಣಿಯ ಕೆಲಸಕ್ಕೆಂದು ನಾನು ಹೊನ್ನಾವರದಲ್ಲಿದ್ದೆ. ಯಾರೂ ಫೋನು ಮಾಡಿರಲಿಲ್ಲ, ಸುದ್ದಿ ತಲುಪುವಾಗ ಸುಟ್ಟು ಎರಡು ದಿನವಾಗಿತ್ತು. ಹದಿಮೂರನೇ ದಿನಕ್ಕೆ ಹೋದೆ, ಮಾದೇವಕ್ಕ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ತಿಂಗಳ ಮೇಲೆ ರಜಾಕನ ಕೈಯಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಕಳಿಸಿದಳು, ಮುಚ್ಚಳ ತೆಗೆದರೆ ದುರ್ಗಣ್ಣನ ಸೈನಿಕರು.

ಈಗ ನನ್ನದೇ ಶೆಡ್ಡು ಇದೆ, ಹೊನ್ನಾವರದ ಹೊಳೆಬದಿಗೆ. ಕೆಲಸಕ್ಕೆ ನಾಲ್ಕು ಜನ. ಅಚ್ಚು ಮೂರು, ಎರಡು ದೊಡ್ಡ ದೋಣಿಯದು, ಒಂದು ಸಣ್ಣದರದು. ಮಕ್ಕಳು ಇಬ್ಬರು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಬೈಕು ಒಂದು. ನೀಲಿ ಸೈನಿಕರು ತೊಂಬತ್ತೊಂದು, ಕೆಂಪು ಸೈನಿಕರು ಎಂಬತ್ತಾರು. ಆಡುವವ ನಾನೊಬ್ಬ.