ಆರು ವಾರಕ್ಕೆ ಮಾಡಿಟ್ಟ ಅಡುಗೆ

ಗರ್ಭಕೋಶ ತೆಗೆಸಬೇಕು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದಾಗ ನಾನು ಸುಮ್ಮನೆ ತಲೆಯಾಡಿಸಿದೆ. ವರ್ಷದಿಂದ ಅನುಭವಿಸುತ್ತಿದ್ದ ನೋವು ಹೋದರೆ ಸಾಕಾಗಿತ್ತು. ಅದರ ಹಿಂದೆಯೇ ಅವರು, "ಆರು ವಾರ ಒಂದು ಬಿಂದಿಗೆ ನೀರೂ ಎತ್ತೋ ಹಾಗಿಲ್ಲಮ್ಮ. ಒಲೆ ಮುಂದೆ ನಿಂತ್ಕೊಳ್ಳೋದೂ ಬೇಡ" ಎಂದಾಗ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ನಮ್ಮ ಮನೆ ಚಿಂತಾಮಣಿಯಲ್ಲಿ. ನಾನು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರು. ಯಜಮಾನರು ಬೆಳಗ್ಗೆ ಏಳೂವರೆ ಬಸ್ಸಿಗೆ ಚಿಕ್ಕಬಳ್ಳಾಪುರದ ಕಚೇರಿಗೆ ಹೊರಟರೆ ಮನೆ ಸೇರುವುದು ಸಂಜೆಗೇ. ಅವರಿಗೆ ಬರುತ್ತಿದ್ದ ಅಡುಗೆ ಎರಡು: ಟೀ ಮತ್ತು ಉಪ್ಪಿಟ್ಟು. ಮಗಳ ಎರಡನೇ ಪಿಯುಸಿ ಪರೀಕ್ಷೆ ಸರಿಯಾಗಿ ಆ ಆರು ವಾರದ ನಡುವೆಯೇ ಬರುವುದಿತ್ತು. ಇನ್ನು ಉಳಿದವರು ನನ್ನ ಅತ್ತೆ. ಎಪ್ಪತ್ತಾರು ವರ್ಷದ ಅವರು "ನಾನಿದೀನಲ್ಲ, ಮಾಡಾಕ್ತೀನಿ ಬಿಡು" ಎಂದರು. ಆದರೆ ಅವರ ಮಂಡಿ ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲು ಬಿಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶಾಲೆಯಲ್ಲಿ ನನ್ನ ಜೊತೆಯ ಟೀಚರೊಬ್ಬರು ಭಾನುವಾರವೇ ವಾರಕ್ಕಾಗುವಷ್ಟು ಸಾರು ಮಾಡಿ ಫ್ರೀಜರಿನಲ್ಲಿ ಇಡುತ್ತಿದ್ದರು. ಅದನ್ನು ಕೇಳಿ ಮೊದಲೆಲ್ಲ ಮೂಗು ಮುರಿಯುತ್ತಿದ್ದ ನಾನು ಈಗ ಅವರ ಹತ್ತಿರ ಕೂತು ವಿದ್ಯಾರ್ಥಿನಿಯಂತೆ ಬರೆದುಕೊಂಡೆ. ಆಪರೇಷನ್ನಿಗೆ ಮೂರು ವಾರ ಬಾಕಿ ಇತ್ತು.

ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಆರು ಡಬ್ಬಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಎದುರು ಮನೆಯ ಮುಸ್ಲಿಂ ಅಕ್ಕನನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಅವರ ಹತ್ತಿರ ಹೀಗೆ ಮಾತಿಗೆ ಅದನ್ನೇ ಹೇಳಿದೆ. ಅವರ ಮನೆಯವರು ಹಿಂದೆ ಬಸ್‌ಸ್ಟ್ಯಾಂಡಿನ ಬಳಿ ಐಸ್‌ಕ್ರೀಂ ಅಂಗಡಿ ಇಟ್ಟಿದ್ದರು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಅಂಗಡಿಯ ಹಳೆಯ ಫ್ರೀಜರು ಮನೆಯ ವರಾಂಡದಲ್ಲಿ ಕೂತಿತ್ತು.

"ತಗೊಂಡೋಗಿ ಮಿಸ್, ನಾವು ಅದರ ಮೇಲೆ ಬಟ್ಟೆ ಮಡಚಿ ಇಡ್ತೀವಿ ಅಷ್ಟೆ" ಎಂದರು ಆಪಾ. ಅವತ್ತೇ ಸಂಜೆ ಅವರ ಯಜಮಾನರು, ನಮ್ಮ ಯಜಮಾನರು ಸೇರಿ ಅದನ್ನು ರಸ್ತೆ ದಾಟಿಸಿ ನಮ್ಮ ನಡುಮನೆಗೆ ತಂದರು. ಮುಚ್ಚಳದ ಮೇಲೆ ಇನ್ನೂ ಕುಲ್ಫಿಯ ಚಿತ್ರ ಇತ್ತು.

ಅತ್ತೆ ಅದನ್ನು ದೂರದಿಂದಲೇ ನೋಡಿದರು. "ಏನಿದು?"

"ಫ್ರೀಜರ್ ಅತ್ತೆ. ಸಾರು, ಪಲ್ಯ ಎಲ್ಲ ಮೊದಲೇ ಮಾಡಿ ಇಟ್ಬಿಡ್ತೀನಿ."

"ಚದ್ದಿ ತಿನ್ಸೋಕೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಾ?"

ಅತ್ತೆಯ ತವರು ಆಂಧ್ರದ ಗಡಿಯಲ್ಲಿದೆ. ಸಿಟ್ಟು ಬಂದಾಗ ಬಾಯಿಗೆ ತೆಲುಗು ಬರುತ್ತದೆ. ಚದ್ದಿ ಎಂದರೆ ಅಲ್ಲಿ ತಂಗಳು. ಓದುತ್ತಾ ಕೂತಿದ್ದ ಮಗಳು ತಲೆ ಎತ್ತಿ, "ನೀನು ದಿನಾ ಬೆಳಗ್ಗೆ ತಂಗಳನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ತಿಂತೀಯಲ್ಲಜ್ಜಿ?" ಎಂದಳು.

"ಅದು ನಿನ್ನೆದು ಕಣಮ್ಮ. ಇದು ಹೋದ ತಿಂಗಳದ್ದು" ಎಂದು ಅತ್ತೆ ಅಲ್ಲಿಗೇ ಮಾತು ಮುಗಿಸಿದರು. ತಮ್ಮ ಪಾಲಿಗೆ ದಿನಾ ಒಂದು ಹಿಡಿ ಅನ್ನ, ಒಂದು ತಿಳಿಸಾರು ತಾವೇ ಮಾಡಿಕೊಳ್ಳುವುದಾಗಿಯೂ ಹೇಳಿದರು.

ಮೂರು ವಾರ ಶಾಲೆಯಿಂದ ಬಂದವಳೇ ಒಲೆ ಹಚ್ಚುತ್ತಿದ್ದೆ. ಮೊದಲ ಪ್ರಯೋಗಗಳೆಲ್ಲ ಕೆಟ್ಟವು. ಆಲೂಗಡ್ಡೆ ಹಾಕಿದ ಸಾಗು ಇಟ್ಟು ಎರಡು ದಿನ ಬಿಟ್ಟು ಬಿಸಿ ಮಾಡಿದರೆ ಹೋಳು ಸ್ಪಂಜಿನ ಹಾಗೆ ಹಲ್ಲಿಗೆ ಸಿಕ್ಕಿ ನೀರು ಬಿಟ್ಟಿತು. ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿದ್ದ ಟೊಮೆಟೊ ಸಾರು ಗಟ್ಟಿಯಾಗಿ ಬಾಟಲಿಯನ್ನೇ ಸೀಳಿತು. ಮುದ್ದೆ ಇಟ್ಟು ನೋಡಿದೆ. ಒಣಗಿದ ಮಣ್ಣಿನ ಹೆಂಟೆಯ ಹಾಗೆ ಪುಡಿಪುಡಿಯಾಯಿತು. ಆಮೇಲೆ ಒಂದೊಂದೇ ತಿಳಿಯಿತು. ಹುರುಳಿ ಬಸ್ಸಾರು ಎಷ್ಟು ದಿನ ಇಟ್ಟರೂ ಜಗ್ಗುವುದಿಲ್ಲ. ಮಸ್ಸೊಪ್ಪು ಸ್ವಲ್ಪ ಗಟ್ಟಿಯಾಗಿ ಇಟ್ಟರೆ ಆಮೇಲೆ ನೀರು ಬೆರೆಸಿಕೊಳ್ಳಬಹುದು. ಒಗ್ಗರಣೆಯನ್ನು ಆ ಹೊತ್ತಿಗೆ ಹಾಕಿದರೆ ಅವತ್ತೇ ಮಾಡಿದ ಹಾಗಿರುತ್ತದೆ.

ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು. ಕೊನೆಯ ಸೊಗಡಿನ ಕಾಯಿ ಮೂಟೆಗಟ್ಟಲೆ ಮಾರ್ಕೆಟ್ಟಿಗೆ ಬರುತ್ತಿತ್ತು. ಯಜಮಾನರು ಒಂದು ಭಾನುವಾರ ಹದಿನೈದು ಕೆಜಿ ತಂದು ಸುರಿದರು. ಬಿಡಿಸಿ, ಕಾಳು ನೆನೆಸಿ, ಸಿಪ್ಪೆ ಹಿಸುಕಿ ತೆಗೆದು ಹಿತಕಿದ ಬೇಳೆ ಮಾಡಲು ಮನೆಯವರೆಲ್ಲ ಕೂತೆವು. ಫ್ರೀಜರನ್ನು ಬೈಯುತ್ತಲೇ ಅತ್ತೆ ಎಲ್ಲರಿಗಿಂತ ಬೇಗ ಬೇಗ ಹಿತಕಿದರು. ಅವರ ಬೆರಳು ಒತ್ತಿದರೆ ಕಾಳು ತಾನಾಗಿಯೇ ಬಟ್ಟಲಿಗೆ ಹಾರುತ್ತಿತ್ತು. ಪ್ರತಿ ಡಬ್ಬಿಯ ಮೇಲೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದೆ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಫ್ರೀಜರಿನ ಮುಚ್ಚಳ ತೆಗೆದು ನೋಡಿದಾಗ ಪರೀಕ್ಷೆಗೆ ಪೂರ್ತಿ ಓದಿ ಮುಗಿಸಿದವಳ ನೆಮ್ಮದಿ ನನಗೆ.

ಆಪರೇಷನ್ ಸಲೀಸಾಗಿ ಆಯಿತು. ಐದನೇ ದಿನ ಮನೆಗೆ ಬಂದು ನಡುಮನೆಯ ಮಂಚದ ಮೇಲೆ ಮಲಗಿದೆ. ಯಜಮಾನರು ಮೊದಲ ದಿನ ಬಸ್ಸಾರಿನ ಗಡ್ಡೆಯನ್ನು ನೇರವಾಗಿ ಬಾಣಲೆಗೆ ಹಾಕಿ ಉರಿ ದೊಡ್ಡದು ಮಾಡಿದರು. ತಳ ಸೀದಿತ್ತು, ಮೇಲೆ ಇನ್ನೂ ಐಸ್ ಇತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಬೆಳಗ್ಗೆನೇ ಈಚೆ ತೆಗೆದು ಫ್ರಿಜ್ಜಿನ ಕೆಳಗಿನ ಖಾನೇಲಿ ಇಟ್ಟಿದ್ರೆ ಸಂಜೆಗೆ ಕರಗ್ತಿರ್ಲಿಲ್ವೇನೋ ದಡ್ಡ" ಎಂದರು. ತಿನ್ನುವುದಿಲ್ಲ ಎಂದವರು ನಾನು ಮಾಡುತ್ತಿದ್ದುದನ್ನೆಲ್ಲ ಗಮನಿಸಿದ್ದರು. ಅವತ್ತಿನಿಂದ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮಗನಿಗೆ ಮುದ್ದೆ ತೊಳಸುವುದನ್ನೂ ಹೇಳಿಕೊಟ್ಟರು. ಮೊದಲ ವಾರದ ಮುದ್ದೆಗಳಲ್ಲಿ ಗಂಟೇ ಗಂಟು. ಮಗಳು ನಗುತ್ತಾ ಉಂಡಳು, ನಾನು ಹೊಲಿಗೆ ಹಿಡಿದುಕೊಂಡು ನಗದೇ ಉಂಡೆ.

ಹತ್ತು ದಿನ ಹೀಗೆ ಚೆನ್ನಾಗಿಯೇ ನಡೆಯಿತು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಒಂದು ಶನಿವಾರ ಬೆಳಗ್ಗೆ ರಸ್ತೆಯ ತುದಿಯಲ್ಲಿ ಢಬ್ ಎಂದು ಸದ್ದಾಗಿ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಬೇರೆ ತರಲು ನಾಳೆ ಸಂಜೆಯಾಗುತ್ತದೆ ಎಂದು ಲೈನ್‌ಮ್ಯಾನ್ ಹೇಳಿ ಹೋದ. ಯಾರೂ ಮುಚ್ಚಳ ತೆಗೆಯಬೇಡಿ ಎಂದು ನಾನು ಮಂಚದಿಂದಲೇ ಕೂಗಿದೆ. ಫ್ರೀಜರಿಗೆ ಎರಡು ಕಂಬಳಿ ಹೊದಿಸಿದರು. ಭಾನುವಾರ ಬೆಳಗ್ಗೆ ಮಗಳು ಮುಚ್ಚಳ ಎತ್ತಿ ಕೈ ಹಾಕಿ, "ಅಮ್ಮಾ, ಮೆತ್ತಗಾಗ್ತಾ ಇದೆ" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ನೋವಿದ್ದ ಹೊಟ್ಟೆ ಹಿಡಿದುಕೊಂಡು ಮೂರು ವಾರ ನಿಂತು ಮಾಡಿದ್ದು. ಇನ್ನೂ ಒಂದು ತಿಂಗಳಿಗೆ ಆಗುವಷ್ಟಿತ್ತು. ಯಜಮಾನರು ಮುಚ್ಚಳ ಹಾಕಿ ಕಂಬಳಿಯನ್ನು ಮತ್ತೆ ಹೊದಿಸಿದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. "ಅಳೋದ್ ನಿಲ್ಸಮ್ಮ, ಹೊಲಿಗೆ ಬಿಚ್ಕೊಂಡಾತು. ಇನ್ನೂ ತಣ್ಣಗಿದೆ, ಕೆಟ್ಟಿಲ್ಲ. ಹಿತ್ಲಲ್ಲಿ ಒಲೆ ಹಚ್ಚೋ," ಎಂದು ಮಗನಿಗೆ ಹೇಳಿದರು. "ಹಾಳಾಗೋದಕ್ಕಿಂತ ನಾಕು ಜನ ಉಣ್ಲಿ."

ಹಿತ್ತಲಿನ ಸೌದೆ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಅವರು ಕೂತರು. ಒಳಗಿನ ಗ್ಯಾಸಿನ ಮುಂದೆ ಯಜಮಾನರು. ಮಗಳು ಡಬ್ಬಿಗಳನ್ನು ಹೊತ್ತು ಓಡಾಡಿದಳು. ನನ್ನ ಮಂಚದಿಂದ ಹಿತ್ತಲ ಬಾಗಿಲು ಕಾಣುತ್ತದೆ. ಒಂದೊಂದು ಸಾರು ಕುದಿ ಬಂದ ಹಾಗೂ ಅತ್ತೆ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದರು.

"ಅಜ್ಜೀ! ಚದ್ದಿ!" ಎಂದಳು ಮಗಳು.

"ಕೆಟ್ಟಿದೆಯೋ ಇಲ್ವೋ ನೋಡ್ದೆ ಇನ್ನೊಬ್ಬರ ಮನೆಗೆ ಹೆಂಗೆ ಕೊಡೋದೇ?" ಎಂದ ಅತ್ತೆ ಎಲ್ಲ ಡಬ್ಬಿಗಳ ರುಚಿಯನ್ನೂ ನೋಡಿದರು. ಹಿತಕಿದ ಬೇಳೆ ಸಾರನ್ನು ಎರಡು ಸಲ ನೋಡಿದರು. ಆಮೇಲೆ ಒಳಗೆ ನನ್ನ ಕಡೆ ತಿರುಗಿ, "ಉಪ್ಪು ಒಂಚೂರು ಕಮ್ಮಿ ಹಾಕಿದೀಯ. ಮಿಕ್ಕಿದ್ದು ಚೆನ್ನಾಗೈತೆ" ಎಂದರು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನನ್ನ ಅಡುಗೆಗೆ ಅವರಿಂದ ಬಂದ ದೊಡ್ಡ ಹೊಗಳಿಕೆ ಅದು. ನಾನು ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಆ ಸಲದ ನೀರು ಬೇರೆಯೇ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಹತ್ತು ಹನ್ನೆರಡು ಮನೆಗಳಲ್ಲಿ ನಮ್ಮ ಸಾರು ಇತ್ತು. ಆಪಾ ಎರಡು ಡಬ್ಬಿ ಬಸ್ಸಾರು ತೆಗೆದುಕೊಂಡು, "ಇದಕ್ಕೆ ನಮ್ಮನೇಲೂ ಮುದ್ದೇನೇ ಇವತ್ತು" ಎಂದು ಹೋದರು. ಸಂಜೆ ಕರೆಂಟು ಬಂತು. ಖಾಲಿ ಫ್ರೀಜರು ಗುರ್ ಎಂದು ಶಬ್ದ ಮಾಡತೊಡಗಿತು. ನಾಳೆಯಿಂದ ಉಪ್ಪಿಟ್ಟೇ ಗತಿ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ನಾನು ಮರೆತದ್ದು ಒಂದಿತ್ತು. ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ಇಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಸೋಮವಾರದಿಂದ ಡಬ್ಬಿಗಳು ಬರತೊಡಗಿದವು, ನಾನು ಬರೆದ ಬಿಳಿ ಪಟ್ಟಿಯ ಸಮೇತ. 'ಮಸ್ಸೊಪ್ಪು' ಎಂದಿದ್ದ ಡಬ್ಬಿಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ. 'ಹುರುಳಿ ಬಸ್ಸಾರು' ಎಂದಿದ್ದರಲ್ಲಿ ಹೋಳಿಗೆ ಮತ್ತು ಪುಟ್ಟ ಬಟ್ಟಲಲ್ಲಿ ತುಪ್ಪ. ಟೀಚರಮ್ಮ ಮಲಗಿದ್ದಾರೆ ಎಂದು ತಿಳಿದ ಮೇಲೆ ಒಂದು ಸಲ ಕೊಟ್ಟವರು ಇನ್ನೊಂದು ಸಲವೂ ತಂದರು. ತಿಂದು ಮಿಕ್ಕಿದ್ದು ಫ್ರೀಜರು ಸೇರಿತು.

ಆ ಸೋಮವಾರವೇ ಆಪಾ ಬಿಸಿಬಿಸಿ ದಾಲ್ಚಾ ತಂದರು. ತೊಗರಿಬೇಳೆ, ಸೋರೆಕಾಯಿ, ಮಟನ್ನು ಹಾಕಿ ಮಾಡಿದ್ದು, ಮನೆಯೆಲ್ಲ ಘಮ್ಮೆಂದಿತು. ಅತ್ತೆಗೆ ಮಟನ್ ಎಂದರೆ ಪ್ರಾಣ, ಆದರೆ ಸೋಮವಾರ ಮುಟ್ಟುವುದಿಲ್ಲ. ಡಬ್ಬಿಯ ಸುತ್ತ ಎರಡು ಸಲ ಸುಳಿದಾಡಿ ಮೊಮ್ಮಗಳನ್ನು ಕರೆದರು.

"ನನ್ ಪಾಲು ಬೇರೆ ತೆಗೆದು ಆ ಪೆಟ್ಟಿಗೇಲಿ ಇಡಮ್ಮ. ನಾಳೆ ತಿಂತೀನಿ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಂಗಳವಾರ ಅವರು ಮಗ ತೊಳಸಿದ ಮುದ್ದೆಯನ್ನು ಅದರಲ್ಲಿ ಅದ್ದಿ ನಿಧಾನವಾಗಿ ಉಂಡು, ಬಟ್ಟಲನ್ನೂ ಬೆರಳಿನಿಂದ ಬಳಿದರು. ಆ ಹೊತ್ತಿಗೆ ಮುದ್ದೆಯಲ್ಲಿ ಗಂಟೂ ಇರಲಿಲ್ಲ.

ಆರು ವಾರ ಕಳೆದದ್ದೇ ತಿಳಿಯಲಿಲ್ಲ. ಮಗಳು ಪರೀಕ್ಷೆ ಚೆನ್ನಾಗಿ ಬರೆದಳು. ಚಿಕ್ಕಬಳ್ಳಾಪುರಕ್ಕೆ ತೋರಿಸಲು ಹೋದಾಗ ಡಾಕ್ಟರು ಹೊಲಿಗೆ ನೋಡಿ, ತೂಕ ನೋಡಿ ಹುಬ್ಬೇರಿಸಿದರು. "ಎಲ್ಲರೂ ಇಳೀತಾರೆ, ನೀವು ಮೂರು ಕೆಜಿ ಏರಿದೀರಲ್ಲಮ್ಮ?"

"ಬೀದಿಯವರೆಲ್ಲ ಸೇರಿ ಹಾಕಿದ್ದು ಸಾರ್" ಎಂದರು ಪಕ್ಕದಲ್ಲಿ ನಿಂತಿದ್ದ ಯಜಮಾನರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, ಸಂಜೆಗೆ ಏನು ಮಾಡಲಿ ಎಂದು ಕೇಳಿದರು. ಏನಾದರೂ ಮಾಡಿ ಎಂದೆ. ಶಿಡ್ಲಘಟ್ಟ ದಾಟುವ ಹೊತ್ತಿಗೆ ಅವರ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ.